ಅಲಗಿನ ನೀಲಿ

ಇಪ್ಪತ್ತೊಂದನೆಯ ಕಸಿಕಡ್ಡಿಗೆ ಚಾಕು ಜಾರಿತು. ಅಳಿಯ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಎಣಿಸುತ್ತಿದ್ದ. ಹದಿನೆಂಟರವರೆಗೆ ಬೆಣ್ಣೆ ಕೊಯ್ದ ಹಾಗೆ. ಹತ್ತೊಂಬತ್ತಕ್ಕೆ ಸಣ್ಣ ತಡೆ. ಇಪ್ಪತ್ತು ಹೇಗೋ ಆಯಿತು. ಆಮೇಲೆ ಇದು.

ಮಾವ ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಒಂದೇ ಎಳೆತಕ್ಕೆ ಓರೆಯಾಗಿ, ನುಣ್ಣಗೆ ಬರಬೇಕಾಗಿದ್ದ ಕೊಯ್ತ ಅಲೆ ಅಲೆಯಾಗಿತ್ತು. ಇಂಥ ಕಡ್ಡಿಯನ್ನು ಬೇರುಸಸಿಯ ಸೀಳಿನಲ್ಲಿ ಕೂರಿಸಿ ಎಷ್ಟು ಬಿಗಿಯಾಗಿ ಪಟ್ಟಿ ಸುತ್ತಿದರೂ ನಡುವೆ ಗಾಳಿ ಉಳಿಯುತ್ತದೆ. ಹತ್ತು ದಿನಕ್ಕೆ ಕಡ್ಡಿ ಕಪ್ಪಾಗುತ್ತದೆ. ಅವರು ಅದನ್ನು ಕಾಲ ಬಳಿಯ ಬುಟ್ಟಿಗೆ ಹಾಕಿದರು. ನಿನ್ನೆ ಮೊನ್ನೆಯ ಇಂಥವೇ ಕಡ್ಡಿಗಳಿಂದ ಬುಟ್ಟಿ ಅರ್ಧ ತುಂಬಿತ್ತು.

"ನೋಡಿದ್ರಾ ಅಳಿಯಂದ್ರೇ? ಕೈ." ಬಲಗೈಯನ್ನು ಬೇರೆ ಯಾರದೋ ವಸ್ತುವಿನ ಹಾಗೆ ಮುಂದೆ ಚಾಚಿ ತೋರಿಸಿದರು. ಬೆರಳ ತುದಿ ಸಣ್ಣಗೆ ಅಲುಗುತ್ತಿತ್ತೋ ಇಲ್ಲವೋ, ಹೇಳುವುದು ಕಷ್ಟ. ಹೀಗೆ ಚಾಚಿ ಹಿಡಿದರೆ ಯಾರ ಕೈಯಾದರೂ ಸ್ವಲ್ಪ ಅಲುಗುತ್ತದೆ.

"ಚಾಕು ಮೊಂಡಾಗಿರ್ಬೇಕು, ಮಾವ."

"ನಿನ್ನೆ ಸಾಯಂಕಾಲ ತಾನೇ ಕಲ್ಲಿಗೆ ಹಿಡಿದಿದೀನಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಪ್ಪತ್ತಾರು ವರ್ಷ ಮೋಸ ಮಾಡದೇ ಇದ್ದ ಚಾಕು ಈಗ ಯಾಕೆ ಮಾಡುತ್ತೆ? ನಾನೇ ಎಲ್ಲೋ ಸೊಟ್ಟ ಹಿಡೀತಿದೀನಿ, ಅದಕ್ಕೇ ಅಂಚು ಮಡಚ್ಕೊಳ್ತಿದೆ."

ಅಳಿಯ ತಲೆ ತಗ್ಗಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತತೊಡಗಿದ. ಅದು ಅವನ ಕೆಲಸವಲ್ಲ. ಪ್ರತಿವರ್ಷ ಕಸಿಯ ಸಮಯದಲ್ಲಿ ತಂದೆ ಕೊಯ್ಯುವುದು, ಮಗಳು ಕಟ್ಟುವುದು. ಮಗಳಿಗೆ ಮೂರು ದಿನದಿಂದ ಜ್ವರ. "ರೀ, ಇವತ್ತು ನಿಮಗೆ ರಜ ಅಲ್ವಾ? ಅಪ್ಪನ ಜೊತೆ ನೀವೇ ಹೋಗಿ. ಕಸಿ ಕೆಲಸದಲ್ಲಿ ಅವರಿಗಿವತ್ತು ಕಡೇ ದಿನ" ಎಂದು ಅವಳು ಕಂಬಳಿಯೊಳಗಿಂದಲೇ ಹೇಳಿದ್ದಳು. ಒಲ್ಲೆ ಎನ್ನಲು ಅವನಿಗೆ ಕಾರಣ ಸಿಕ್ಕಿರಲಿಲ್ಲ. ನಿಜವಾದ ಕಾರಣವನ್ನು ಹೇಳುವ ಹಾಗಿರಲಿಲ್ಲ.

ಆರು ತಿಂಗಳ ಹಿಂದೆ, ಕಸಿಯ ಕೆಲಸವಿಲ್ಲದ ದಿನಗಳಲ್ಲಿ, ಮಾವನ ಮಡಚುವ ಚಾಕುವನ್ನು ಅವನೇ ಕೇಳಿ ಪಡೆದಿದ್ದ. "ಕೊಡಿ ಮಾವ, ನಮ್ಮ ವರ್ಕ್‌ಶಾಪಿನಲ್ಲಿ ಹೊಸದರ ಹಾಗೆ ಮಾಡ್ಕೊಂಡು ಬರ್ತೀನಿ." ಅವನು ಲೇತ್ ಕೆಲಸದವನು, ಉಕ್ಕನ್ನು ತಿರುಗುವ ಸಾಣೆಚಕ್ರಕ್ಕೆ ಹಿಡಿದರೆ ನಡುನಡುವೆ ನೀರಿನಲ್ಲಿ ಅದ್ದಬೇಕೆಂಬುದನ್ನು ಹೊಸಬರಿಗೆ ಹೇಳಿಕೊಡುವವನು. ಅವತ್ತು ಎದುರಿನ ಮಷೀನಿನವನು ಏನೋ ತಮಾಷೆ ಹೇಳಿದ. ಇವನು ತಿರುಗಿ ನಕ್ಕ. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಅಲಗಿನ ಅಂಚಿನುದ್ದಕ್ಕೂ ನೀಲಿ ಗೆರೆ ಬಂದಿತ್ತು.

ಉಕ್ಕು ನೀಲಿಯಾಯಿತೆಂದರೆ ಅದರ ಹದ ಹೋಯಿತು ಎಂದೇ ಅರ್ಥ. ಹರಿತ ಬರುತ್ತದೆ, ನಿಲ್ಲುವುದಿಲ್ಲ. ಸರಿಮಾಡಬೇಕೆಂದರೆ ಸುಟ್ಟ ಭಾಗವನ್ನೆಲ್ಲ ಕೈಯಿಂದ ಕಲ್ಲಿನ ಮೇಲೆ ಉಜ್ಜಿ ತೆಗೆಯಬೇಕು. ಅರ್ಧ ದಿನದ ಕೆಲಸ, ಅಲಗು ಕಣ್ಣಿಗೆ ಕಾಣುವಷ್ಟು ಕಿರಿದಾಗುತ್ತದೆ, ಮಾವ ಕೇಳುತ್ತಾರೆ. ಅವನು ಪಾಲಿಶ್ ಹಾಕುವ ಬಟ್ಟೆಚಕ್ರಕ್ಕೆ ಹಿಡಿದು ಬರೀ ಬಣ್ಣವನ್ನು ಅಳಿಸಿದ. ಎರಡು ನಿಮಿಷ ಸಾಕಾಯಿತು.

ಚಾಕು ಕನ್ನಡಿಯಂತೆ ಹೊಳೆಯುತ್ತಿತ್ತು. ಮಾವ ಮುಂಗೈಯ ಕೂದಲು ಬೋಳಿಸಿ ನೋಡಿಕೊಂಡು, ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದರು. "ನಮ್ಮ ಅಳಿಯಂದ್ರು ಹಿಡಿದ ಸಾಣೆ!" ಆ ಹೊಗಳಿಕೆಯೇ ಅವನ ಬಾಯಿಗೆ ಬೀಗ ಹಾಕಿತು. ಆಮೇಲೆ ಕಸಿ ಶುರುವಾಯಿತು. ನೂರರಲ್ಲಿ ತೊಂಬತ್ತು ಚಿಗುರುತ್ತಿದ್ದದ್ದು ಅರವತ್ತಕ್ಕಿಳಿಯಿತು, ಆಮೇಲೆ ನಲವತ್ತೈದಕ್ಕೆ. ನರ್ಸರಿಯ ಒಡತಿ ಅಲಗು ಬದಲಿಸುವ ಹೊಸ ಚಾಕು ಕೊಡಿಸಹೋದರೆ ಮಾವ ಅದೇ ಗಾದೆ ಹೇಳಿ ಹಿಂದಿರುಗಿಸಿದರು. ಡಾಕ್ಟರು ನರದ ಮಾತ್ರೆ ಬರೆದರು. ಮನೆಯಲ್ಲಿ ಕೈ ನಡುಕದ ಮಾತು ಬಂದಾಗಲೆಲ್ಲ ಅಳಿಯ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಎದ್ದು ಹೊರಗೆ ಹೋಗುತ್ತಿದ್ದ. ವಯಸ್ಸಾಯಿತಲ್ಲ, ಕೈಯೂ ನಡುಗುತ್ತಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನಡುಗಲಿ ಎಂದು ಒಂದೆರಡು ಸಲ ಆಸೆಪಟ್ಟದ್ದೂ ಉಂಟು. ಆ ಆಸೆಗೆ ಅವನು ತನ್ನನ್ನು ಇನ್ನೂ ಕ್ಷಮಿಸಿರಲಿಲ್ಲ.

ನೆರಳುಪರದೆಯ ಕೆಳಗೆ ಒಡತಿ ಬಂದರು. ಬುಟ್ಟಿಯನ್ನು ನೋಡಿಯೂ ನೋಡದ ಹಾಗೆ ಮಾಡಿದರು. ಒಳ್ಳೆಯ ಹೆಂಗಸು.

"ಯಜಮಾನ್ರೇ, ಸೋಮವಾರದಿಂದ ನೀರಿನ ಪೈಪು ನೋಡ್ಕೊಳ್ಳಿ. ಕೂತು ಮಾಡೋ ಕೆಲಸ ಬೇಡ ನಿಮಗೆ. ಕುಂಡ ತುಂಬೋ ಹುಡುಗಿಗೆ ಕಸಿ ಹೇಳ್ಕೊಟ್ಟಿದೀರಲ್ಲ, ಅವಳೇ ಮುಂದುವರಿಸ್ಲಿ."

"ಆಗ್ಲಿ ತಾಯಿ. ಗಿಡಕ್ಕೆ ನೀರೂ ಬೇಕಲ್ವಾ? ಪೈಪು ನಡುಗಿದ್ರೆ ನಾಲ್ಕು ಗಿಡಕ್ಕೆ ಹೆಚ್ಚು ಬೀಳುತ್ತೆ, ಅಷ್ಟೇ" ಎಂದು ಮಾವ ನಕ್ಕರು. ಒಡತಿಯೂ ನಕ್ಕು ಹೋದರು. ಅವರು ಮರೆಯಾಗುವವರೆಗೆ ಮಾವ ನಗುತ್ತಲೇ ಇದ್ದರು. ಆಮೇಲೆ ಚಾಕುವನ್ನು ಅಂಗಿಯ ತುದಿಗೆ ಒರೆಸಿ, ಮಡಚಿ, ಅಳಿಯನ ಅಂಗೈಯಲ್ಲಿಟ್ಟರು.

"ನೀವೇ ಇಟ್ಕೊಳ್ಳಿ ಅಳಿಯಂದ್ರೇ. ಇದಕ್ಕೆ ಕಡೇ ಸಾಣೆ ಹಿಡಿದವರು ನೀವು. ಒಳ್ಳೇ ಉಕ್ಕು ಇದು, ನನ್ನ ಕೈಯಲ್ಲಿ ಸುಮ್ಮನೆ ಹಾಳಾಯ್ತು."

ಮರದ ಹಿಡಿ ಇನ್ನೂ ಬೆಚ್ಚಗಿತ್ತು. ಅಳಿಯನಿಗೆ ತಡೆಯಲಾಗಲಿಲ್ಲ.

"ಮಾವ, ನಿಮ್ಮ ಕೈ ಅಲ್ಲ. ನಾನು." ಮಡಚಿದ ಚಾಕುವನ್ನು ಮುಷ್ಟಿಯಲ್ಲಿ ಬಿಗಿದ. "ಅವತ್ತು ಚಕ್ರಕ್ಕೆ ಹಿಡಿದಾಗ ನೀರಿಗೆ ಅದ್ದೋದು ಮರೆತೆ. ಸುಟ್ಟೋಯ್ತು. ನೀಲಿ ಬಂತು. ಪಾಲಿಶ್ ಮಾಡಿ ಅಳಿಸಿ ನಿಮಗೆ ಕೊಟ್ಟೆ."

ಮಾವ ಬುಟ್ಟಿಯಿಂದ ಆ ಕಡ್ಡಿಯನ್ನು ಎತ್ತಿ ಅದರ ಕೊಯ್ತವನ್ನು ಮತ್ತೊಮ್ಮೆ ನೋಡಿದರು. ಪಕ್ಕದ ಸಾಲಿನಲ್ಲಿ ಯಾರೋ ಟ್ರೇಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದಾಯಿತು. ಆಮೇಲೆ ಅವರು ಕೇಳಿದರು:

"ಎಷ್ಟಗಲ?"

"ಏನು ಮಾವ?"

"ನೀಲಿ. ಎಷ್ಟಗಲ ಬಂದಿತ್ತು?"

"ಅಕ್ಕಿಕಾಳಿನ ದಪ್ಪ. ಅಂಚಿನುದ್ದಕ್ಕೂ."

ಅವರು ಚಾಕು ಕಿತ್ತುಕೊಂಡು, ಬಿಚ್ಚಿ, ಬಿಸಿಲಿಗೆ ಓರೆಯಾಗಿ ಹಿಡಿದರು. ಅಲ್ಲಿ ಕಾಣುವಂಥದ್ದು ಏನೂ ಉಳಿದಿರಲಿಲ್ಲ. ಅಳಿಯ ಅಷ್ಟು ಚೆನ್ನಾಗಿ ಅಳಿಸಿದ್ದ.

"ನಿಮ್ಮ ಅತ್ತೆ ಮೂರು ತಿಂಗಳಿಂದ ನನಗೆ ಅರ್ಧ ಲೋಟ ನೀರು ಕೊಡ್ತಾಳೆ" ಎಂದರು ಮಾವ. ದನಿ ಏರಿರಲಿಲ್ಲ. "ಕೈ ನಡುಗಿ ಚೆಲ್ತೀನಿ ಅಂತ. ಕೇಳಿದ್ರೆ ನನಗೆ ಬೇಜಾರಾಗುತ್ತೆ ಅಂತ ಬಾಯಿಬಿಟ್ಟು ಹೇಳಲ್ಲ ಅವಳು. ನಾನೂ ಸುಮ್ಮನೆ ಕುಡೀತೀನಿ. ಎರಡು ಸಲ ಎದ್ದು ಹೋಗಿ ಕುಡೀತೀನಿ."

"ತಪ್ಪಾಯ್ತು, ಮಾವ. ಹೇಳ್ಬೇಕು ಅಂತ ಎಷ್ಟು ಸಲ..."

"ರಾತ್ರಿ ಈ ಕೈಯನ್ನ ಬೈತಾ ಮಲಗಿದೀನಿ. ಕೈನ!"

ಅವರು ಎದ್ದು, ಚೀಲದ ತಳದಿಂದ ಸಾಣೆಕಲ್ಲು ತೆಗೆದು ಹಲಗೆಯ ಮೇಲೆ ಕುಕ್ಕಿದರು. ಇಪ್ಪತ್ತಾರು ವರ್ಷ ಉಜ್ಜಿ ಉಜ್ಜಿ ನಡುವೆ ತಗ್ಗು ಬಿದ್ದ ಕಲ್ಲು. ಕುಡಿಯುವ ಸ್ಟೀಲ್ ಲೋಟದಲ್ಲಿದ್ದಷ್ಟು ನೀರನ್ನು ಅದರ ಮೇಲೆ ಸುರಿದು, ಚಾಕುವನ್ನು ಅಳಿಯನ ಮುಂದೆ ಚಾಚಿದರು.

"ಕೂತ್ಕೋ. ಉಜ್ಜು. ಅಕ್ಕಿಕಾಳಿನಷ್ಟೂ ಹೋಗ್ಲಿ. ಚಾಕುನಾ ಕೈಯಾ, ಇವತ್ತೇ ಗೊತ್ತಾಗ್ಬೇಕು."

ಮದುವೆಯಾದ ಈ ಎಂಟು ವರ್ಷಗಳಲ್ಲಿ ಅವರು ಅವನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಅವನು ಕೂತು ಉಜ್ಜತೊಡಗಿದ. ಚಕ್ರದ ಅಭ್ಯಾಸದ ಕೈಗೆ ಕಲ್ಲು ಬಲು ನಿಧಾನ. ಬೂದುಬಣ್ಣದ ಕೆಸರು ಬೆರಳಿಗೆ ಮೆತ್ತಿತು, ಮಣಿಕಟ್ಟು ನೋಯತೊಡಗಿತು. ಸ್ವಲ್ಪ ಹೊತ್ತಿಗೊಮ್ಮೆ ಮಾವ ಚಾಕು ತೆಗೆದುಕೊಂಡು, ಸೀಬೆಕಡ್ಡಿಯೊಂದನ್ನು ಹತ್ತಾರು ಸಲ ಸೀಳಿ, ಅಂಚನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ನೋಡುತ್ತಿದ್ದರು. ಹರಿತ ನಿಂತಿದ್ದರೆ ಅಂಚು ಉಗುರಿಗೆ ಕಚ್ಚಬೇಕು. ಅದು ಜಾರುತ್ತಿತ್ತು.

"ಇನ್ನೂ ಇದೆ. ಉಜ್ಜು."

ಊಟದ ಹೊತ್ತು ಕಳೆಯಿತು. ಇಬ್ಬರೂ ಡಬ್ಬಿ ಬಿಚ್ಚಲಿಲ್ಲ. ಅಲಗು ಕಿರಿದಾಗುತ್ತಿರುವುದು ಈಗ ಕಣ್ಣಿಗೆ ಕಾಣುತ್ತಿತ್ತು. ಕುಂಡ ತುಂಬುವ ಹುಡುಗಿ ದೂರದಿಂದ ಒಮ್ಮೆ ನೋಡಿ ತನ್ನ ಪಾಡಿಗೆ ಹೋದಳು.

"ಇನ್ನೂ ಇದೆ."

ಕಲ್ಲು ಒಣಗಿತು. ಮಾವ ಲೋಟ ತೆಗೆದುಕೊಂಡು, ಶೆಡ್ಡಿನ ಆ ತುದಿಯ ನಲ್ಲಿಯತ್ತ ಹೋದರು. ನಲ್ಲಿ ತಿರುಗಿಸಿದರು. ಲೋಟ ಅರ್ಧ ತುಂಬಿತು; ಅವರು ನಲ್ಲಿ ನಿಲ್ಲಿಸಲಿಲ್ಲ. ನೀರು ಅಂಚಿಗೆ ಬಂದು ಉಬ್ಬಿ ನಿಂತ ಮೇಲೆ ನಿಲ್ಲಿಸಿ, ಟ್ರೇಗಳ ಸಾಲಿನ ನಡುವಿನ ಕಿರಿದಾದ ದಾರಿಯಲ್ಲಿ ಹಿಂದಿರುಗಿ ಬರತೊಡಗಿದರು.

ಅಳಿಯನ ಕೈ ತಾನಾಗಿಯೇ ನಿಂತಿತು.

"ನಿಲ್ಲಿಸ್ಬೇಡ" ಎಂದರು ಮಾವ, ನೀರಿನಿಂದ ಕಣ್ಣು ತೆಗೆಯದೆ. ಬಲಗೈ ಒಂದರಲ್ಲೇ ಲೋಟ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದರು.