ಹಲ್ಲಿನಿಂದ ಕೇಳುವ ವಿಲ್ಚೆಕ್

ಲೋಕದ ಜನರೆಲ್ಲ ಕಿವಿಯಿಂದ ಕೇಳುತ್ತಾರೆ. ನನ್ನ ನೆರೆಮನೆಯ ಜೆರೋಮ್ ವಿಲ್ಚೆಕ್ ಅವರು ಹಲ್ಲಿನಿಂದ ಕೇಳುತ್ತಿದ್ದರು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೈಗೆ ಊರಿ, ಅದರ ಮರದ ಹಿಡಿಯನ್ನು ಬಾಯಲ್ಲಿ ಕಚ್ಚಿ, ಕಣ್ಣು ಮುಚ್ಚಿ ಅವರು ನಿಂತರೆಂದರೆ, ಧ್ಯಾನಸ್ಥ ಋಷಿಯೊಬ್ಬ ತಪಸ್ಸಿನ ನಡುವೆ ಕಬ್ಬು ತಿನ್ನುತ್ತಿರುವಂತೆ ಕಾಣುತ್ತಿತ್ತು. ನಮ್ಮೂರಾದ ಡೆಟ್ರಾಯಿಟ್ಟಿನ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರಗಳು ಅವರ ಶ್ರವಣಶಕ್ತಿಯನ್ನು ಮುಕ್ಕಾಲುಪಾಲು ನುಂಗಿದ್ದವು. ಉಳಿದದ್ದೂ ಈಗ ಸಂಜೆಯ ಬಿಸಿಲಿನಂತೆ ಮೆಲ್ಲಗೆ ಜಾರುತ್ತಿತ್ತು. ಕಿವುಡನ ಮುಂದೆ ಕಿನ್ನರಿ ಎಂಬ ಗಾದೆ ಕಟ್ಟಿದವನು ವಿಲ್ಚೆಕ್ಕರನ್ನು ಕಂಡವನಲ್ಲ.

ಅವರ ಹಿತ್ತಿಲ ಶೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ, ಅರವತ್ತೊಂಬತ್ತನೇ ಇಸವಿಯ ಚಾರ್ಜರ್ ಎಂಬ ಕಾರಿನ ಬರಿಯ ಒಡಲೊಂದು ಮಲಗಿತ್ತು. ಮಸಲ್ ಕಾರು ಎಂದು ನಮ್ಮೂರು ಇಂದಿಗೂ ಮುದ್ದಿನಿಂದ ಕರೆಯುವ, ಮೈಗೆ ಮೀರಿದ ಎದೆಯುಳ್ಳ ವಂಶದ ಕುಡಿ ಅದು. ಅದಕ್ಕೊಂದು ಇಂಜಿನ್ನಿನ ಹೃದಯ ಕೂಡಿಸಿ, ಕಿವಿ ಪೂರ್ತಿ ಮುಚ್ಚುವ ಮೊದಲು ಅದರ ದನಿ ಕೇಳಬೇಕೆಂಬುದು ಅವರ ಹಂಬಲ. ತಾವೇ ಕಟ್ಟೋಣವೆಂದರೆ ಕೈ ನಡುಗುತ್ತಿತ್ತು. ಹಾಗಾಗಿ ಕಟ್ಟಿಕೊಡುವ ಗ್ಯಾರೇಜಿನ ಹುಡುಕಾಟ. ಹುಡುಕಾಟಕ್ಕೆ ಸಾರಥಿ ನಾನು.

ಆ ದನಿ ಎಂಥದೆಂದು ಹೇಳಬೇಕು. ಆ ವಂಶದ ಇಂಜಿನ್ನು ನಿಂತಲ್ಲಿ ಸಮನಾಗಿ ಉಸಿರಾಡಬಾರದು, ಕುಂಟಬೇಕು. ಲಾಯದಲ್ಲಿ ಕಟ್ಟಿಹಾಕಿದ ಕುದುರೆ ಬೇಸರದಿಂದ ಕಾಲು ಬದಲಿಸಿದಂತೆ ಧಡಕ್, ಧಡಧಡಕ್ ಎನ್ನಬೇಕು. ಕಾರ್ಖಾನೆಯ ಹಳೆಯ ನೀಲಿ ಕೋಟಿನ ಒಳಜೇಬಿನಲ್ಲಿ ಸ್ಕ್ರೂಡ್ರೈವರನ್ನು ಹೊತ್ತು ಎಡಕ್ಕೆ ವಾಲಿ ನಡೆಯುತ್ತಿದ್ದ ವಿಲ್ಚೆಕ್ಕರ ಹೆಜ್ಜೆಗೂ ಅದೇ ತಾಳ.

ಅವರ ಪತ್ನಿ ಇರೇನಾ, ಪಿರೋಗಿ ಎಂಬ ಕಡುಬುಗಳನ್ನು ಬೆಣ್ಣೆಯಲ್ಲಿ ಹೊರಳಿಸುತ್ತ, ನನ್ನ ಬಳಿ ದೂರುತ್ತಿದ್ದರು. “ಊಟಕ್ಕೆ ಬಾ ಅಂತ ಅರಚಿದ್ರೆ ಕೇಳ್ಸಲ್ಲ. ಎರಡು ಬೀದಿ ಆಚೆ ಯಾವನಾದ್ರೂ ಗೇರ್ ಬದಲಾಯ್ಸಿದ್ರೆ ಕೇಳ್ಸತ್ತೆ, ಈ ಮನುಷ್ಯನಿಗೆ!”

“ಏನಂದೆ?” ಎನ್ನುತ್ತಿದ್ದರು ವಿಲ್ಚೆಕ್.

“ನಿನ್ ತಲೆ ಅಂದೆ!”

ನನ್ನದು ಬ್ಯಾಟರಿಯ ಕಾರು, ನಡೆದರೂ ನಿಂತರೂ ಮೌನಿ. ಅದಕ್ಕೆ ಅವರಿಟ್ಟ ಹೆಸರು ಫ್ರಿಜ್ಜು. ಪ್ರತಿ ಗ್ಯಾರೇಜು ಹತ್ತಿರವಾದಾಗಲೂ ನನ್ನ ಭುಜ ತಟ್ಟುತ್ತಿದ್ದರು. “ನಿನ್ ಫ್ರಿಜ್ಜನ್ನ ಆ ತಿರುವಲ್ಲೇ ನಿಲ್ಸಪ್ಪಾ. ಒಳಗಡೆ ನಂಗೊಂದು ಮಾನ ಇದೆ.”

ಮೊದಲ ಗ್ಯಾರೇಜಿನ ನೆಲದಲ್ಲಿ ನಮ್ಮ ಮುಖ ಕಾಣುತ್ತಿತ್ತು. ನನ್ನ ಮುಖವನ್ನು ಅಷ್ಟು ಕೆಳಗಿನಿಂದ ನಾನು ಅದುವರೆಗೆ ನೋಡಿರಲಿಲ್ಲ, ನೋಡಬಾರದಿತ್ತು. ಮಾಲೀಕ ಹೆಮ್ಮೆಯಿಂದ ಒಂದು ಇಂಜಿನ್ನು ಚಾಲೂ ಮಾಡಿದ. ವಿಲ್ಚೆಕ್ ಕಚ್ಚಿದರು, ಕಣ್ಣು ಮುಚ್ಚಿದರು, ತೆರೆದರು.

“ನಿದ್ದೆ ಹೊಡೀತಿದೆ ಇದು.”

“ಕಂಪ್ಯೂಟರ್ ಕೂರ್ಸಿ ಸಮ ಮಾಡಿದೀವಿ ಸಾರ್. ಒಂಚೂರೂ ಕುಂಟಲ್ಲ!”

“ಅದನ್ನೇ ಕಣಪ್ಪಾ ನಾನೂ ಹೇಳ್ತಿರೋದು.”

ಎರಡನೆಯವನು ಇನ್ನೂ ಉದಾರಿ. ಇಂಜಿನ್ನು ಹೇಗಿದ್ದರೂ ಚಿಂತೆಯಿಲ್ಲ, ಆಸನದ ಕೆಳಗೆ ಸ್ಪೀಕರಿಟ್ಟು ಬೇಕಾದ ಗುಡುಗನ್ನು ನುಡಿಸುತ್ತೇನೆ ಎಂದ. ನಾನು ಅದನ್ನು ಕಿವಿಯಲ್ಲಿ ಕೂಗಿ ಹೇಳಿದಾಗ ವಿಲ್ಚೆಕ್ ಸ್ಕ್ರೂಡ್ರೈವರನ್ನು ಒಳಜೇಬಿಗೆ ಸೇರಿಸಿ ಹೊರನಡೆದರು. ದಾರಿಯಲ್ಲಿ, “ಹೆಂಡ್ತಿ ಬದ್ಲು ಫೋಟೋ ಕೊಡ್ತಾನಂತೆ ಕಳ್ಳ,” ಎಂದರು. ಆ ಬೇಸಿಗೆಯೆಲ್ಲ ಹೀಗೆಯೇ ಕಳೆಯಿತು. ಮರಳುವಾಗ ವುಡ್‌ವರ್ಡ್ ರಸ್ತೆಯ ಬದಿಯಲ್ಲಿ ಜನ ಮಡಚುವ ಕುರ್ಚಿ ಹಾಕಿಕೊಂಡು ಹಳೆಯ ಕಾರುಗಳ ಮೆರವಣಿಗೆ ನೋಡುತ್ತ ಕೂತಿರುತ್ತಿದ್ದರು. ಕೆಂಪು, ಕಿತ್ತಳೆ, ಕಡುಹಸಿರು ಬಣ್ಣಗಳು ಸಂಜೆಯೊಳಗೆ ಕರಗಿ ಹೋಗುವುದನ್ನು ವಿಲ್ಚೆಕ್ ಗಾಜಿಗೆ ಹಣೆಯೊತ್ತಿ ನೋಡುತ್ತಿದ್ದರು. ಆ ಬಣ್ಣಗಳಿಗೆ ಸದ್ದು ದಿನೇ ದಿನೇ ಕಡಿಮೆಯಾಗುತ್ತಿತ್ತು.

ಕೊನೆಗೆ ರೈಲುಹಳಿಯ ಪಕ್ಕದ ಇಟ್ಟಿಗೆ ಕಟ್ಟಡದ ಗ್ಯಾರೇಜೊಂದರಲ್ಲಿ ಅದರ ಒಡತಿ ಓಲಾ ಮೇ ಟಿಲ್ಮನ್ ಸಿಕ್ಕಳು. ಮಾತಿನ ಬದಲು ಮೂಲೆಯಲ್ಲಿದ್ದ ಕಾರಿನ ಕೀಲಿ ತಿರುಗಿಸಿದಳು. ಧಡಕ್, ಧಡಧಡಕ್. ಕಿಟಕಿಯ ಗಾಜುಗಳು ಮಿಡಿದವು, ಬಾಗಿಲ ಬಿಸಿಲಿನಲ್ಲಿ ಧೂಳಿನ ಕಣಗಳು ಕುಂಟುತ್ತ ಕುಣಿದವು, ನೀಲಿ ಕೋಟಿನ ಗುಂಡಿಗಳು ಅದುರಿದವು. ಹಿಡಿ ಕಚ್ಚಿದ ವಿಲ್ಚೆಕ್ ಯಾವುದೋ ಹಳೆಯ ಬೇಸಿಗೆಯ ರಸ್ತೆಯಲ್ಲಿ ಬಹುದೂರ ಹೋಗಿಬಿಟ್ಟಿದ್ದರು. ಅವರು ಮರಳುವವರೆಗೆ ಓಲಾ ಮೇ ಇಂಜಿನ್ನು ಆರಿಸಲಿಲ್ಲ.

“ಇಲ್ಲೇ,” ಎಂದರು ವಿಲ್ಚೆಕ್.

“ಮುಂದಿನ ಬೇಸ್ಗೆ ಕಳೀಬೇಕು ಯಜಮಾನ್ರೇ. ನಿಮ್ ಮುಂದೆ ಸರದಿ ಉದ್ದ ಇದೆ.”

ನಾನು ಕೂಗಿ ತಿಳಿಸಿದೆ. ಅವರ ಮುಖ ಬಾಡಿತು. “ಅಷ್ಟೊತ್ತಿಗೆ ನನ್ ಕಿವಿ ಇರಲ್ಲಮ್ಮಾ.”

ಆಕೆ ಸ್ಕ್ರೂಡ್ರೈವರನ್ನು ಅವರ ಕೈಯಿಂದ ತೆಗೆದುಕೊಂಡು, ಮರದ ಹಿಡಿಯ ಮೇಲೆ ವರ್ಷಗಳಿಂದ ಮೂಡಿದ್ದ ಹಲ್ಲಿನ ಗುರುತುಗಳನ್ನು ಹೆಬ್ಬೆರಳಿನಿಂದ ಸವರಿದಳು.

“ಹಲ್ಲು ಸ್ವಂತದ್ದಾ, ಕಟ್ಸಿದ್ದಾ?”

ಇದನ್ನೂ ಕೂಗಿದೆ, ಜೀವನದಲ್ಲಿ ನಾನು ಕೂಗಿದ ಅತ್ಯಂತ ವಿಚಿತ್ರ ವಾಕ್ಯ.

“ಸ್ವಂತದ್ದೇ! ಎಲ್ಲಾನೂ!”

“ಮತ್ಯಾಕೆ ಅವಸರ?” ಎಂದಳು ಓಲಾ ಮೇ.

ಈಗ ಕಾರಿನ ಒಡಲು ಆಕೆಯ ಸರದಿಯಲ್ಲಿದೆ. ವಿಲ್ಚೆಕ್ ಬೆಳಿಗ್ಗೆ, ಸಂಜೆ, ಪಿರೋಗಿ ತಿಂದಮೇಲೂ ಶ್ರದ್ಧೆಯಿಂದ ಹಲ್ಲುಜ್ಜುತ್ತಾರೆ. ಅಕ್ರೋಟು ಕೊಟ್ಟರೆ ಗಾಬರಿಯಿಂದ ಹಿಂದೆ ಸರಿಯುತ್ತಾರೆ. “ಮದುವೆ ಆದಾಗಿಂದ ಬಾಯಿ ಬಡ್ಕೊಂಡೆ, ಹಲ್ಲು ನೋಡ್ಕೋ ಅಂತ. ಅವ್ಳು ಒಂದೇ ಮಾತಲ್ಲಿ ಗೆದ್ಲು,” ಎಂದು ಇರೇನಾ ನಿಟ್ಟುಸಿರಿಡುತ್ತಾರೆ.

ಒಂದೇ ಒಂದು ದನಿಗಾಗಿ ಬದುಕುವ ಜನ ಹೀಗೆಯೇ. ಅವರಿಗೆ ಇಂದ್ರಿಯಗಳು ಬಾಡಿಗೆಯ ಮನೆಗಳು. ಒಂದನ್ನು ಖಾಲಿ ಮಾಡಿಸಿದರೆ ತಮ್ಮ ಪ್ರೀತಿಯ ಗಂಟುಮೂಟೆ ಹೊತ್ತು ಇನ್ನೊಂದಕ್ಕೆ ಕುಂಟುತ್ತ ನಡೆದುಬಿಡುತ್ತಾರೆ. ಎರಡೂ ಕಿವಿ ನೆಟ್ಟಗಿರುವ ನನ್ನಂಥವರು ಸದ್ದಿಲ್ಲದ ಫ್ರಿಜ್ಜಿನಲ್ಲಿ ಕೂತು ಅವರನ್ನು ನೋಡುತ್ತೇವೆ, ಮತ್ತು ನಮ್ಮ ಹಲ್ಲುಗಳನ್ನು ಬರೀ ನಗುವುದಕ್ಕೆ ಬಳಸುತ್ತೇವೆ.