ಕಂದೀಲು ಮೊದಲು

"ಕಂದೀಲಿಗೆ ಎಷ್ಟು ಮಾರು ಹಗ್ಗ ಬಿಡಬೇಕಬೇ?" ಎಂದು ಕಲ್ಯಾಣಿ ಮೂರನೆಯ ಸಲ ಕೇಳಿದಳು.

ಕನಕಮ್ಮ ಅಕ್ಕಿ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು ಮೊಮ್ಮಗಳ ಕಡೆ ನೋಡಿದಳು. "ನೆಲ ಮುಟ್ಟೋತನ ಬಿಡಬೇಕು. ದೀಪ ಉರದ್ರ ಮನಷ್ಯಾ ಇಳೀಬೇಕು. ಆರಿದ್ರ ಇಳೀಬಾರ್ದು. ಅಷ್ಟ."

ಕಲ್ಯಾಣಿ ಅಷ್ಟನ್ನೇ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡಳು.

ದೇವದುರ್ಗದ ಬಸ್‌ ಸ್ಟ್ಯಾಂಡ್ ಎದುರಿಗೆ ನೂರ್ ಬೀಯ ಜೆರಾಕ್ಸ್ ಅಂಗಡಿ. ಅಲ್ಲಿ ಪಹಣಿ ತೆಗೆದುಕೊಡುವುದು, ಪರೀಕ್ಷೆಯ ಅರ್ಜಿ ತುಂಬುವುದು ಕಲ್ಯಾಣಿಯ ಕೆಲಸ. ಉಳಿದ ಹೊತ್ತೆಲ್ಲ ಆಟ. ಈ ಆಟದಲ್ಲಿ ಕಾಡಿನ ನಡುವೆ ಬರಿಗೈಲಿ ಬಿಡುತ್ತಾರೆ. ಮರ ಕಡಿದು, ಮನೆ ಕಟ್ಟಿ, ಬೆಳೆ ತೆಗೆದು, ಕೆಟ್ಟ ಕಾಲಕ್ಕೆ ಕಾಳು ಕೂಡಿಟ್ಟು ಬದುಕಬೇಕು. ರಾಯಚೂರು, ಶಕ್ತಿನಗರ, ಮಟಮಾರಿ ಕಡೆಯ ಹದಿನಾಲ್ಕು ಮಂದಿ ತಮ್ಮ ತಮ್ಮ ಮನೆಯಲ್ಲೇ ಕುಳಿತು ಒಟ್ಟಿಗೆ ಒಂದು ಊರು ಕಟ್ಟುತ್ತಿದ್ದರು. ಆ ಊರು ಇದ್ದದ್ದು ಮಾನ್ವಿಯಲ್ಲಿ, ಉದಯಕುಮಾರನ ಮನೆತನದ ಅಕ್ಕಿ ಮಿಲ್ಲಿನ ಕಂಪ್ಯೂಟರಿನೊಳಗೆ. ಅದೇ ಅವರ ಸರ್ವರ್. ಉದಯ ರಾಯಚೂರಿನ ಕಾಲೇಜಿನಲ್ಲಿ ಅವಳ ಜೊತೆ ಓದಿದವನು. ಯಂತ್ರ ಅವನದು, ನಡೆಸುವ ಕೈ ಇವಳದು.

ಆಟದಲ್ಲಿ ಇಲ್ಲದ್ದನ್ನು ತಾವೇ ಮಾಡಿ ಸೇರಿಸುವುದಕ್ಕೆ ಮಾಡ್ ಎನ್ನುತ್ತಾರೆ. ಕಲ್ಯಾಣಿ ಆಗಲೇ ಬಿತ್ತಲು ಕೂರಿಗೆ ಸೇರಿಸಿದ್ದಳು, ಕಳೆ ತೆಗೆಯಲು ಕುಂಟೆ ಸೇರಿಸಿದ್ದಳು. ಕನಕಮ್ಮನಿಗೆ ಆ ಮಾತೇ ನಗು. "ಮಾಡ್ ಮಾಡಾಕತ್ತೀನಿ ಅಂತಿ. ಏನ್ ಮಾಡಾಕತ್ತಿ ಅಂತ ಮಾತ್ರ ಹೇಳಂಗಿಲ್ಲ."

ಈ ಸಲದ್ದು ಹಗೇವು. ನೆಲದೊಳಗೆ ಗಡಿಗೆಯ ಹಾಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಒಳಗೆಲ್ಲ ಕಣಿಕೆ, ಅಂದರೆ ಜೋಳದ ಒಣದಂಟು, ಹೊದಿಸಿ ಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು. ಬಂಡೆ ತೆಗೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. "ನಮ್ಮಣ್ಣ ಸೂಗಪ್ಪ ಹಂಗ ಹೋದ," ಎಂದು ಕನಕಮ್ಮ ಒಮ್ಮೆ ಹೇಳಿದ್ದಳು. ಅವನು ದುಡಿಯುತ್ತಿದ್ದ ಗಬ್ಬೂರಿನ ಒಂದು ದೊಡ್ಡ ಮನೆಯ ಹಗೇವು. ಅವನಿಗೆ ಆಗ ಹತ್ತೊಂಬತ್ತು, ಇವಳಿಗೆ ಹತ್ತು. ಅದರಾಚೆ ಅವಳು ಹೇಳಿರಲಿಲ್ಲ, ಕಲ್ಯಾಣಿ ಕೇಳಿಯೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅವಳು ಆಟ ನಿಲ್ಲಿಸಿ, ಇದ್ದ ಊರಿನ ಒಂದು ನಕಲು ತೆಗೆದಿಟ್ಟುಕೊಂಡು, ಕುಳಿತಲ್ಲಿಂದಲೇ ಮಾನ್ವಿಯ ಕಂಪ್ಯೂಟರಿಗೆ ಮಾಡ್ ಹಾಕಿದಳು. ಮೊದಲು ಸರ್ವರ್ ಏಳಲೇ ಇಲ್ಲ. ಫೋಲ್ಡರಿಗೆ ಕನ್ನಡದಲ್ಲಿ ಹೆಸರು ಬರೆದಿದ್ದಳು, ಆಟಕ್ಕೆ ಆ ಅಕ್ಷರ ಹಿಡಿಸಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮೇಲೆ ಎದ್ದಿತು. ಆಡುವವರ ಕಣ್ಣಿಗೆ ಬೀಳುವ ಕಡೆ ಮಾತ್ರ ಹಗೇವು ಎಂದೇ ಉಳಿಸಿದಳು. ಹದಿನಾಲ್ಕು ಮಂದಿಗೂ ಅದೇ ಫೈಲು ಕಳಿಸಿ, ಜೊತೆಗೆ ನಿಯಮವನ್ನೂ ಬರೆದಳು: ಬಂಡೆ ಸರಿಸಿದ ಮೇಲೆ ಕಂದೀಲು ಬಿಟ್ಟು ನೋಡದೆ ಇಳಿದವರು ಸಾಯುತ್ತಾರೆ, ಅವರನ್ನು ತರಲು ಹೋದವರೂ ಸಾಯುತ್ತಾರೆ. ಫೈಲು ಎಲ್ಲರೂ ಹಾಕಿಕೊಂಡರು. ನಿಯಮ ಯಾರೂ ಓದಲಿಲ್ಲ.

ಶನಿವಾರ ಉದಯ ಸತ್ತ. ಆಟದಲ್ಲಿ ಸತ್ತರೆ ಮತ್ತೆ ಹುಟ್ಟಬಹುದು, ಆದರೆ ಮೈಮೇಲಿದ್ದದ್ದೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ. ನಾಲ್ಕು ತಿಂಗಳು ದುಡಿದು ಮಾಡಿದ ಕಬ್ಬಿಣದ ಅಂಗಿ, ಕೊಡಲಿ ಎಲ್ಲ ಹಗೇವಿನ ತಳ ಸೇರಿತು. ತರುತ್ತೇನೆಂದು ಶಕ್ತಿನಗರದ ಶಶಿಕಲಾ ಇಳಿದಳು, ಅವಳೂ ಸತ್ತಳು. ಅವಳ ಹಿಂದೆ ಇನ್ನೊಬ್ಬ.

ಸೋಮವಾರ ಉದಯನ ಫೋನ್ ಬಂತು. ಸಿಟ್ಟಿರಲಿಲ್ಲ, ನಗುತ್ತಲೇ ಮಾತಾಡಿದ. ಹಗೇವು ತೆಗೆಯುವುದು ಬೇಡ, ಚಂದ ಇದೆ ಎಂದ. ಇಂಟರ್ನೆಟ್ಟಿನಲ್ಲಿ ಇನ್ನೊಂದು ಮಾಡ್ ಸಿಕ್ಕಿದೆ, ಅದನ್ನೂ ಹಾಕಿ ಇದಕ್ಕೆ ಜೋಡಿಸಿಬಿಡು, ಗ್ರೂಪಿನಲ್ಲಿ ಎಲ್ಲರೂ ಹೂಂ ಅಂದಿದ್ದಾರೆ ಎಂದ. ಅದು ಆಳಿನ ಮಾಡ್. ಆಟದೊಳಗೆ ಒಂದೊಂದು ಮನೆಗೆ ಒಬ್ಬೊಬ್ಬ ಆಳು. ಕರೆದಲ್ಲಿ ಬರುತ್ತಾನೆ, ಹೊರಿಸಿದ್ದು ಹೊರುತ್ತಾನೆ.

"ಹಗೇವು ತೆಗದಾಗ ಮೊದ್ಲು ಆಳಿನ್ನ ಇಳಸೋದು. ಬದುಕಿದ್ರ ನಾವು ಇಳಿಯೋದು," ಎಂದ ಉದಯ. "ಸತ್ರ ಇನ್ನೊಬ್ಬ ಬರ್ತಾನ."

"ಕಂದೀಲು ಯಾಕ ಬ್ಯಾಡ?"

"ಕಂದೀಲಿಗೆ ಎಣ್ಣಿ ಬೇಕು, ಹಗ್ಗ ಬೇಕು, ಕಾಯಬೇಕು. ಆಳಿಗೆ ಏನೂ ಬೇಕಾಗಿಲ್ಲ."

ಅಂಗಡಿಯ ಮುಂದೆ ಮಾನ್ವಿಯ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಕಂಡಕ್ಟರ್ ಅದರ ಬೆನ್ನು ಬಡಿಯುತ್ತಿದ್ದ.

"ಆ ಆಳಿಗೆ ಹೆಸರೇನು?"

"ಹೆಸರ್ಯಾಕ? ಆಳು ಅಂತ ಬರಿ, ಸಾಕು."

"ನಾ ಹಾಕಂಗಿಲ್ಲ, ಉದಯ."

ಗೊಂಬೆ ಅದು, ಜೀವ ಇಲ್ಲ ಎಂದು ಅವನು ತಿಳಿಹೇಳಿದ. ಅವಳು ಮತ್ತೆ ಅದೇ ಮಾತು ಹೇಳಿದಳು. ಯಂತ್ರ ಯಾರದು ಅನ್ನೋದು ನೆನಪಿರಲಿ ಎಂದ. ನೆನಪು ಅದ ಎಂದಳು. ಸಂಜೆಯ ಹೊತ್ತಿಗೆ ಮಾನ್ವಿಯ ಕಂಪ್ಯೂಟರು ಅವಳ ಪಾಸ್‌ವರ್ಡ್ ಒಪ್ಪಲಿಲ್ಲ. ಗ್ರೂಪಿನಿಂದಲೂ ಅವಳ ಹೆಸರು ಹೋಗಿತ್ತು.

ಮನೆಗೆ ಬಂದವಳು ಕೈಕಾಲು ತೊಳೆಯದೆ ಅಜ್ಜಿಯ ಎದುರು ಕುಳಿತಳು. ಗಬ್ಬೂರಿನ ಅಷ್ಟು ದೊಡ್ಡ ಮನೆಯಲ್ಲಿ ಕಂದೀಲು ಇರಲಿಲ್ಲವೇ ಎಂದು ಕೇಳಿದಳು.

ಕನಕಮ್ಮ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅದು ಉಬ್ಬಿ, ಬೆಂದು, ಬುಟ್ಟಿಗೆ ಬಿದ್ದ ಮೇಲೆ ಹೇಳಿದಳು.

"ಇತ್ತವ್ವ. ಒಳಗ ಪಡಸಾಲ್ಯಾಗ ತೂಗು ಹಾಕಿದ್ರು. ತರಾಕ ಯಾರರ ಒಳಗ ಹೋಗಬೇಕಿತ್ತು. ಅಣ್ಣ ಅಲ್ಲೇ ನಿಂತಿದ್ದ." ಮತ್ತೊಂದು ರೊಟ್ಟಿಗೆ ಹಿಟ್ಟು ಮುರಿದುಕೊಂಡಳು. "ಆಮ್ಯಾಲ ಕಂದೀಲು ತಂದ್ರು. ಜ್ವಾಳ ತಗೀಬೇಕಿತ್ತಲ್ಲ."

ನೂರ್ ಬೀಯ ಅಂಗಡಿಯ ಮೂಲೆಯಲ್ಲಿ, ಹಾಳೆಯ ಕಟ್ಟುಗಳ ಹಿಂದೆ, ಒಂದು ಹಳೆಯ ಕಂಪ್ಯೂಟರು ಧೂಳು ತಿನ್ನುತ್ತಿತ್ತು. ಮರುದಿನ ಬೆಳಿಗ್ಗೆ ಕಲ್ಯಾಣಿ ಅದನ್ನು ಕೇಳಿದಳು.

"ಆ ಡಬ್ಬಾ ಐದು ವರ್ಷದಿಂದ ಕುಂತದ. ಏಳ್ತದೇನ ಅದು?" ಎಂದಳು ನೂರ್ ಬೀ.

"ಎಬ್ಬಸ್ತೀನಿ ಆಪಾ."

"ಎಬ್ಬಿಸು. ನನ್ನ ಗಿರಾಕಿ ನಿಂದ್ರಸಬ್ಯಾಡ, ಅಷ್ಟ."

ಮೂರು ದಿನ ಹಿಡಿಯಿತು. ಒಮ್ಮೆ ಅದು ಕಾದು ತಾನೇ ಆರಿಹೋಯಿತು. ಒಮ್ಮೆ ಕರೆಂಟು ಹೋಗಿ ಮೊದಲಿಂದ ಶುರು ಮಾಡಬೇಕಾಯಿತು. ಊರಿನ ನಕಲು ಅವಳ ಬಳಿ ಇತ್ತು. ಆದರೆ ಅದನ್ನು ಹಾಕಲಿಲ್ಲ. ಬರಿ ಕಾಡು, ಒಂದು ಹಳ್ಳ, ಬಂಡೆ ಮುಚ್ಚಿದ ಒಂದು ಹಗೇವು, ಅಷ್ಟೇ ಇಟ್ಟಳು. ಮಾಡ್ ಮಾಡಿದವರ ಹೆಸರು ಬರೆಯುವ ಜಾಗವನ್ನು ಈ ಮೊದಲು ಯಾವಾಗಲೂ ಖಾಲಿ ಬಿಡುತ್ತಿದ್ದಳು. ಈ ಸಲ ತುಂಬಿದಳು. ಆಟಕ್ಕೆ ಬರುವ ಪ್ರತಿಯೊಬ್ಬರಿಗೂ ಬಾಗಿಲಲ್ಲೇ ಆ ಸಾಲು ಕಾಣುತ್ತದೆ. ಹಳೆಯ ಹದಿನಾಲ್ಕು ಮಂದಿಗೂ ಹೊಸ ಸರ್ವರಿನ ವಿಳಾಸ ಕಳಿಸಿದಳು, ಉದಯನಿಗೂ. ಕೆಳಗೆ ಒಂದೇ ಮಾತು ಬರೆದಳು: ಇಲ್ಲಿ ಆಳು ಇಲ್ಲ.

ಎರಡು ದಿನ ಯಾರೂ ಬರಲಿಲ್ಲ. ಪರದೆಯ ಮೇಲೆ ಹಳ್ಳ ತನ್ನ ಪಾಡಿಗೆ ಹರಿಯುತ್ತಿತ್ತು. ನೂರ್ ಬೀ ಹೋಗುತ್ತ ಬರುತ್ತ ಅದನ್ನು ನೋಡಿ, ನೀರರ ಚಲೋ ಅದ ಎನ್ನುತ್ತಿದ್ದಳು.

ಭಾನುವಾರ ಊಟ ಆದ ಮೇಲೆ ಕಲ್ಯಾಣಿ ಅಜ್ಜಿಯನ್ನು ಅಂಗಡಿಗೆ ಕರೆತಂದಳು. ಬಾಗಿಲು ಅರ್ಧ ಎಳೆದಿತ್ತು. ಕನಕಮ್ಮ ಪರದೆಯ ಹತ್ತಿರ ಮುಖ ತಂದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿದಳು. "ಸೂ... ಗ... ಪ್ಪ. ಗ... ಬ್ಬೂ... ರು." ಬೆರಳನ್ನು ತೆಗೆಯಲಿಲ್ಲ. ಅಷ್ಟರಲ್ಲಿ ಆ ಹೆಸರು ಸರಿದು ಕಾಡು ಕಾಣಿಸಿತು. ಕಾಡಿನಲ್ಲಿ ಒಬ್ಬಳು ನಿಂತಿದ್ದಳು.

ಶಕ್ತಿನಗರದ ಶಶಿಕಲಾ. ಬರಿಗೈಲಿ ಬಂದಿದ್ದಳು, ಹೊಸಬರಂತೆ. ಹಿಂದೆಯೇ ಮಟಮಾರಿಯವರು ಇಬ್ಬರು ಬಂದರು. ಇಡೀ ಮಧ್ಯಾಹ್ನ ನಾರು ಹೊಸೆದು ಹಗ್ಗ ಮಾಡಿದರು, ಹಿಪ್ಪೆಬೀಜ ಹಿಂಡಿ ಎಣ್ಣೆ ತೆಗೆದರು. ಮೂವರೂ ಸೇರಿ ಬಂಡೆ ಸರಿಸಿದರು.

ಕಂದೀಲು ಕತ್ತಲೆಯೊಳಗೆ ಇಳಿಯಿತು. ಒಂದು ಮಾರು, ಎರಡು ಮಾರು. ಕಣಿಕೆಯ ಗೋಡೆ ಹಳದಿಯಾಗಿ ಕಂಡಿತು. ನೆಲ ಮುಟ್ಟುವ ಮುಂಚೆಯೇ ದೀಪ ಕುಗ್ಗಿ, ಆರಿತು.

"ಕಲ್ಯಾಣಿ ಅಕ್ಕಾ, ಈಗೇನು ಮಾಡ್ಲಿ?" ಎಂದಿತು ಸ್ಪೀಕರಿನಲ್ಲಿ ಶಶಿಕಲಾಳ ದನಿ.

ಕಲ್ಯಾಣಿ ಅಜ್ಜಿಯ ಕಡೆ ತಿರುಗಿದಳು.

"ತಡೀ ಅನ್ನು," ಎಂದಳು ಕನಕಮ್ಮ. "ಗಾಳಿ ಆಡಲಿ."

ಯಾರೂ ಇಳಿಯಲಿಲ್ಲ. ಶಶಿಕಲಾ ಹಗ್ಗ ಮೇಲಕ್ಕೆಳೆದು ಕಂದೀಲಿಗೆ ಮತ್ತೆ ಎಣ್ಣೆ ಹಾಕಿದಳು. ಮೂವರೂ ಹಗೇವಿನ ಬಾಯಿಯ ಸುತ್ತ ಕುಳಿತುಕೊಂಡರು. ಕನಕಮ್ಮ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಅವರ ಜೊತೆ ಕಾಯತೊಡಗಿದಳು.