ಒಕಬೆ ತೆಗೆದ ಹಿಮಗಾಳಿಯ ಚಿತ್ರ

ಸಮುದಾಯ ಭವನದ ಗೋಡೆಯ ತುಂಬ ಊರಿನವನೇ ಆದ ಒಕಬೆ ಕ್ಯಾಮೆರಾದಲ್ಲಿ ತೆಗೆದ ಹಿಮದ ಚಿತ್ರಗಳು. ಉತ್ತರ ಜಪಾನಿನ ಹೊಕ್ಕೈಡೋದ ಈ ಕಡಲಂಚಿನ ಊರಿನಲ್ಲಿ ವರ್ಷಕ್ಕೆ ಐದು ತಿಂಗಳು ಹಿಮ ಗೋರಿ ಗೋರಿ ಸೊಂಟ ಬಿದ್ದವರೇ ಬಂದು, ಅದೇ ಹಿಮವನ್ನು ಚೌಕಟ್ಟಿನಲ್ಲಿ ನೋಡಿ ‘ಆಹಾ’ ಎನ್ನುತ್ತಿದ್ದರು. ಜನಕ್ಕೆ ಏನು ಹೇಳೋಣ! ದಿನಸಿ ಅಂಗಡಿಯ ಕಿನುಯೊ ಮಾತ್ರ ಬಾಗಿಲ ಪಕ್ಕದ ದೊಡ್ಡ ಚಿತ್ರದ ಮುಂದೆ ನಿಂತವಳು ಕದಲಲಿಲ್ಲ.

ರಸ್ತೆಯ ಅಂಚು ತೋರಿಸುವ ಬಾಣದ ಕಂಬಗಳು ಒಂದಾದ ಮೇಲೊಂದು ಹಿಮಗಾಳಿಯಲ್ಲಿ ಮಸುಕಾಗುತ್ತ ಹೋಗಿದ್ದವು. ಮೂರನೆಯದರ ಬುಡದಲ್ಲಿ ಅರ್ಧ ಹೂತ ಪುಟ್ಟ ಕಾರು, ಅದರ ಆಂಟೆನಾಕ್ಕೆ ಕಟ್ಟಿದ ಕೆಂಪು ಬಟ್ಟೆ. ಎರಡು ವರ್ಷ ಹಿಂದಿನ ಚಿತ್ರ ಎಂದು ಕೆಳಗಿನ ಚೀಟಿ ಹೇಳುತ್ತಿತ್ತು.

ಕಿನುಯೊ ಆ ಕೆಂಪು ಬಟ್ಟೆಯನ್ನೇ ನೋಡುತ್ತಿದ್ದಳು. ಹೋದ ಫೆಬ್ರವರಿಯಲ್ಲಿ ಅವಳ ತಮ್ಮ ಯಸುಜಿ ಹಿಮದಲ್ಲಿ ಸಿಕ್ಕಿಬಿದ್ದ ಕಾರಿನೊಳಗೆ, ಹೊಗೆಕೊಳವೆ ಮುಚ್ಚಿಹೋಗಿ, ವಿಷಗಾಳಿ ಕುಡಿದು ಸತ್ತಿದ್ದ. ಪೊಲೀಸರು ಕೇಳಿದಾಗ ಒಕಬೆ, ಆ ದಿನ ನಾನು ಮನೆಯಿಂದ ಹೊರಗೇ ಬಿದ್ದಿಲ್ಲ ಎಂದಿದ್ದ. ಗಾಳಿ ಎದ್ದರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿ ಹುಚ್ಚನ ಹಾಗೆ ಓಡುವ ಆಸಾಮಿ, ವರ್ಷದ ಅತಿ ದೊಡ್ಡ ಗಾಳಿಗೆ ಮನೆಯಲ್ಲಿ ಬೆಚ್ಚಗೆ ಕೂತಿದ್ದನಂತೆ! ಆ ಮಾತು ಅವಳಿಗೆ ಅಂದೇ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಅವನು ಅಂಗಡಿಗೆ ಬಂದಾಗಲೆಲ್ಲ ಅವಳು ಅವನ ಮುಖ ನೋಡುತ್ತಿದ್ದಳು, ಅವನು ನೆಲ ನೋಡುತ್ತಿದ್ದ. ತಮ್ಮನನ್ನು ಕಂಡೂ ಬಿಟ್ಟುಹೋದನೇ? ಅದೊಂದು ಅವಳಿಗೆ ಗೊತ್ತಾಗಬೇಕಿತ್ತು.

ಒಕಬೆ ಚಹಾ ಹಿಡಿದು ಬಂದ.

“ತಗೊಳ್ಳಿ ಅಕ್ಕ, ಚಳಿ ಜಾಸ್ತಿ.”

“ಚಹಾ ಇರ್ಲಿ. ಇದು ಯಾವತ್ತಿಂದು?”

“ಅಲ್ಲೇ ಬರ್ದಿದೀನಲ್ಲ. ಅದು ಯಸುಜಿ ಕಾರಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

“ಅವನ ಕಾರು ಅಂತ ನಾನೆಲ್ಲಂದೆ?” ಕಿನುಯೊ ಧ್ವನಿ ಏರಿಸಲಿಲ್ಲ. “ಆ ಕೆಂಪು ಬಟ್ಟೆ ನಮ್ಮಮ್ಮನ ಕಿಮೊನೋದ್ದು. ಹಿಮ ತಳ್ಳೋ ಗಾಡಿಯವ್ರಿಗೆ ಕಾಣ್ಲಿ ಅಂತ ಅವನು ಸತ್ತ ದಿನ ಬೆಳಿಗ್ಗೆ ಹರಿದು ನಾನೇ ಕಟ್ಟಿದ್ದು. ಸುಳ್ಳು ಸಾಕು, ಒಕಬೆ. ಚಿತ್ರಕ್ಕೋಸ್ಕರ ನನ್ನ ತಮ್ಮನ್ನ ಬಿಟ್ಟುಹೋದ್ಯಾ?”

ಒಕಬೆ ಲೋಟವನ್ನು ಪಕ್ಕದ ಮೇಜಿನ ಮೇಲಿಟ್ಟ.

“ವೈಪರ್ ನೋಡಿ ಅಕ್ಕ. ಎರಡೂ ಎತ್ತಿಟ್ಟಿದಾನೆ. ಕಾರು ಬಿಟ್ಟು ಯಾರದ್ದೋ ಕೊಟ್ಟಿಗೆ ಸೇರ್ಕೊಂಡಿದಾನೆ ಅಂದ್ಕೊಂಡೆ. ಆ ಗಾಳೀಲಿ ಇಂಜಿನ್ ಸದ್ದೂ ಕೇಳಿಸ್ಲಿಲ್ಲ. ಗಾಜು ಒರೆಸಿ ನೋಡ್ಲಿಲ್ಲ ನಾನು. ಮಾರನೇ ದಿನ ಹೆದ್ರಿ ಸುಳ್ಳು ಹೇಳ್ದೆ.”

“ಮತ್ತೆ ಇಲ್ಲಿ ಯಾಕೆ ತೂಗುಹಾಕ್ದೆ?”

“ಜನ್ಮದಲ್ಲಿ ಇಂಥದ್ದು ಇನ್ನೊಂದು ತೆಗ್ದಿಲ್ಲ. ಬಚ್ಚಿಡೋಕೆ ಆಗ್ಲಿಲ್ಲ.”

ಅವಳು ಬಗ್ಗಿ ನೋಡಿದಳು. ನಿಜ, ಎರಡು ವೈಪರ್‌ಗಳೂ ಆಕಾಶಕ್ಕೆ ನೆಟ್ಟಗೆ ನಿಂತಿದ್ದವು. ಗಾಜಿಗೆ ಅಂಟಿ ಹೆಪ್ಪುಗಟ್ಟಬಾರದೆಂದು, ಕಾರು ಬಿಟ್ಟು ಹೋಗುವಾಗ ಈ ಊರಲ್ಲಿ ಎಲ್ಲರೂ ಹಾಗೆ ಎತ್ತಿಡುತ್ತಾರೆ. ಕಂಡವರಿಗೆ ಒಳಗೆ ಯಾರೂ ಇಲ್ಲವೆಂದೇ ಅರ್ಥ. ಯಸುಜಿ ಅಭ್ಯಾಸಬಲದಿಂದ ಎತ್ತಿಟ್ಟು, ಗಾಳಿ ಇಳಿಯಲೆಂದು ಮತ್ತೆ ಒಳಗೆ ಕೂತಿದ್ದ. ಆ ದಾರಿಯಲ್ಲಿ ತಾನೇ ಬಂದಿದ್ದರೂ ನಿಲ್ಲಿಸುತ್ತಿರಲಿಲ್ಲ ಎಂದು ಅವಳಿಗೆ ಹೊಳೆಯಿತು. ಒಂದು ವರ್ಷ ಜತನದಿಂದ ಸಾಕಿದ ಸಿಟ್ಟಿಗೆ ಈಗ ನಿಲ್ಲಲು ನೆಲೆಯಿರಲಿಲ್ಲ, ಅವಳಿಗೆ ಅದೇ ಹೆಚ್ಚು ಸಂಕಟವಾಯಿತು.

“ಈಗ್ಲೇ ತೆಗೆದುಬಿಡ್ತೀನಿ,” ಎಂದು ಒಕಬೆ ಚೌಕಟ್ಟಿಗೆ ಕೈಹಾಕಿದ.

“ಮುಟ್ಟಬೇಡ. ಇದನ್ನ ತೆಗ್ದಾಗ ಗಂಟೆ ಎಷ್ಟಾಗಿತ್ತು?”

“ಮಧ್ಯಾಹ್ನ ಎರಡೂವರೆ.”

“ಜೀವ ಹೋಗಿದ್ದು ನಾಲ್ಕರ ಮೇಲೆ ಅಂದ್ರು ಡಾಕ್ಟರು.” ಅವಳು ಬಿಳಿ ಮೆತ್ತಿದ ಆ ಪುಟ್ಟ ಕಿಟಕಿಯ ಮೇಲೆ ಬೆರಳಿಟ್ಟಳು. “ಹಾಗಾದ್ರೆ ಇದ್ರೊಳಗೆ ಅವನಿನ್ನೂ ಬದುಕಿದಾನೆ. ಇರ್ಲಿ ಇಲ್ಲೇ. ಆ ಸುಳ್ಳು ಚೀಟಿ ಕಿತ್ತುಹಾಕಿ ಅವನ ಹೆಸರು ಬರಿ.”